ಕಾಲುಸಂಕ ಮತ್ತು ದೂರದ ಯುದ್ಧಗಳು

ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಮೊದಲು ವಿದೇಶ ಸುದ್ದಿಯ ಪುಟವನ್ನು ಬಿಡಿಸುವುದು ನನ್ನ ಹಳೆಯ ಚಟ. ಮನೆಯಾಕೆ ಇದನ್ನು ಕಂಡು, "ಚರಂಡಿ ಕಟ್ಟಿ ಅಂಗಳಕ್ಕೆ ನೀರು ಬರ್ತಾ ಇದೆ, ನಿಮಗೆ ಇರಾನಿನ ಚಿಂತೆ" ಎಂದು ಎಷ್ಟೋ ಸಲ ಹಾಸ್ಯ ಮಾಡಿದ್ದಾಳೆ. 2025ರ ಜೂನ್ ತಿಂಗಳಲ್ಲಿ ಇಸ್ರೇಲ್ ಮತ್ತು ಇರಾನ್ ಹನ್ನೆರಡು ದಿನ ಕಾದಾಡಿದಾಗಲೂ ಇದೇ ಮಾತು ಬಂತು. ಹೊರಗೆ ಮೃಗಶಿರಾ ಮಳೆ ಹೊಯ್ಯುತ್ತಿತ್ತು. ಚರಂಡಿ ನಿಜಕ್ಕೂ ಕಟ್ಟಿತ್ತು. ನಾನು ಪತ್ರಿಕೆ ಮಡಚಿಟ್ಟು, ಕೊಡೆ ಹಿಡಿದು, ಗುದ್ದಲಿ ತೆಗೆದುಕೊಂಡು ಹೊರಟೆ. ಕಸ ಬಿಡಿಸುತ್ತಾ ನಿಂತಾಗ ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಇದುವರೆಗೆ ಎಲ್ಲೂ ಬರೆಯದ ಒಂದು ವಿಷಯವೂ ಇದೆ.

ಇರಾನಿಗೂ ನಮ್ಮ ಮಲೆನಾಡಿಗೂ ಏನು ಸಂಬಂಧ ಎಂದು ಈಗಿನ ಮಕ್ಕಳು ಕೇಳಬಹುದು. ತುಂಗೆ ಭದ್ರೆಯರು ಹುಟ್ಟುವ ಬೆಟ್ಟಸಾಲಿನಲ್ಲೇ ಕುದುರೆಮುಖದ ಕಬ್ಬಿಣದ ಅದಿರಿದೆ. 1975ರಲ್ಲಿ ಇರಾನಿನ ಶಹಾ ಅವರ ಸರ್ಕಾರಕ್ಕೂ ನಮ್ಮ ಸರ್ಕಾರಕ್ಕೂ ಒಪ್ಪಂದವಾಯಿತು. 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರಿನ ಪುಡಿಯನ್ನು ಇರಾನಿಗೆ ಕೊಡುವುದು, ಅದಕ್ಕಾಗಿ ಅವರು 63 ಕೋಟಿ ಡಾಲರ್ ಸಾಲ ಕೊಡುವುದು. 1976ರಲ್ಲಿ ಕಂಪನಿ ಸ್ಥಾಪನೆಯಾಯಿತು, ಬೆಟ್ಟ ಅಗೆಯುವ ಕೆಲಸ ಆರಂಭವಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಹಾ ದೇಶ ಬಿಟ್ಟರು. ಮರುವರ್ಷ ಇರಾಕಿನೊಡನೆ ಯುದ್ಧ ಹತ್ತಿ ಅದು ಎಂಟು ವರ್ಷ ಉರಿಯಿತು. ಸಾಲವೂ ಪೂರ್ತಿ ಬರಲಿಲ್ಲ, ಅದಿರು ಕೊಳ್ಳುವವರೂ ಬರಲಿಲ್ಲ. ಅಷ್ಟರಲ್ಲಿ ಬೆಟ್ಟ ಅಗೆದಾಗಿತ್ತು, ಲಕ್ಯಾ ಅಣೆಕಟ್ಟಿನ ಕೆಲಸ ಸಾಗಿತ್ತು, ಪಣಂಬೂರಿಗೆ ಕೊಳವೆ ಹಾಸಿತ್ತು. ಬೇರೆ ಗಿರಾಕಿಗಳನ್ನು ಹುಡುಕಿ ಗಣಿಗಾರಿಕೆಯನ್ನು ಮುಂದುವರಿಸಲಾಯಿತು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದು, ಆ ಹೂಳು ಕೆಳಗಿನ ಜಲಾಶಯ ಸೇರುತ್ತದೆಂಬ ದೂರು ಹುಟ್ಟಿತು. ಚಳವಳಿಗಳಾದವು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ತೆಹರಾನಿನ ಬೀದಿಯಲ್ಲಿ ನಡೆದ ಒಂದು ಘಟನೆಯ ಎಳೆ ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಿನವರೆಗೆ, ಅಂದರೆ ನಮ್ಮ ನರಸಿಂಹರಾಜಪುರದ ಬಾಗಿಲಿನವರೆಗೆ ಬಂತು.

ನರಸಿಂಹರಾಜಪುರದ ಹಿರಿಯರಿಗೆ ಇದು ಹೊಸ ಪಾಠವೇನಲ್ಲ. ನಾನು ಅಲ್ಲಿ ಪಾಠ ಹೇಳುತ್ತಿದ್ದಾಗ ಊರನ್ನು ಎಡೇಹಳ್ಳಿ ಎಂಬ ಹಳೆಯ ಹೆಸರಿನಿಂದಲೇ ಕರೆಯುವವರು ಇನ್ನೂ ಇದ್ದರು. ಸ್ವಾತಂತ್ರ್ಯದ ಹೊತ್ತಿಗೆ ಆರಂಭವಾಗಿ ಅರವತ್ತರ ದಶಕದಲ್ಲಿ ಮುಗಿದ ಭದ್ರಾ ಯೋಜನೆಯಲ್ಲಿ ಗದ್ದೆ ತೋಟ ಕಳೆದುಕೊಂಡವರ ಮಕ್ಕಳು ನನ್ನ ತರಗತಿಯಲ್ಲಿದ್ದರು. ಜಲಾಶಯ 186 ಅಡಿ ತುಂಬಿತೆಂದು ಪತ್ರಿಕೆಯಲ್ಲಿ ಬಂದ ದಿನ ಬಯಲುಸೀಮೆಯವರು ಬಾಗಿನ ಬಿಡುವ ಮಾತಾಡುತ್ತಿದ್ದರೆ, ಇಲ್ಲಿ ಯಾರೋ ಒಬ್ಬರು ಹಿನ್ನೀರಿನ ಕಡೆ ಕೈ ತೋರಿಸಿ "ನಮ್ಮ ಅಜ್ಜನ ಕಣ ಅಲ್ಲಿ ಕೆಳಗಿದೆ" ಎನ್ನುತ್ತಿದ್ದರು. ದೇಶಕ್ಕೆ ಅನ್ನ ಬೇಕು ನಿಜ. ದಾವಣಗೆರೆಯ ಭತ್ತವನ್ನು ನಾವೂ ಉಂಡಿದ್ದೇವೆ. ಆದರೆ ತೀರ್ಮಾನ ಮಾಡುವ ಜಾಗಕ್ಕೂ ಅದನ್ನು ಅನುಭವಿಸುವ ಜಾಗಕ್ಕೂ ನಡುವಿನ ಅಂತರ ಎಷ್ಟು ಎಂಬುದನ್ನು ನಾನು ಪಠ್ಯಪುಸ್ತಕದಿಂದ ಕಲಿಯಲಿಲ್ಲ, ಆ ಮಕ್ಕಳಿಂದ ಕಲಿತೆ.

ಶೃಂಗೇರಿಯ ಕಥೆ ಇನ್ನೂ ಹಳೆಯದು. 1791ರಲ್ಲಿ ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಪರಶುರಾಮಭಾವುವಿನ ಮರಾಠಾ ಸೈನ್ಯದ ಹಿಂದೆ ಬಂದ ಲೂಟಿಕೋರರು ಶೃಂಗೇರಿ ಮಠವನ್ನು ದೋಚಿದರು. ಟಿಪ್ಪು ಸುಲ್ತಾನ್ ಆಗಿನ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರಗಳನ್ನು ಬರೆದು, ಹಣ ಕಳುಹಿಸಿ, ಶಾರದಾಂಬೆಯ ಪುನಃಪ್ರತಿಷ್ಠೆಗೆ ನೆರವಾದ. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಯುದ್ಧ ಇದ್ದದ್ದು ಶ್ರೀರಂಗಪಟ್ಟಣಕ್ಕಾಗಿ. ಪೆಟ್ಟು ಬಿದ್ದದ್ದು ತುಂಗೆಯ ದಡಕ್ಕೆ. ಈ ಪಾಠವನ್ನು ಹೇಳುವಾಗಲೆಲ್ಲ "ದೂರದ ಯುದ್ಧ ಎಂಬುದು ಇಲ್ಲ, ಮಕ್ಕಳೇ" ಎಂದು ನಾನು ಮೇಜು ಕುಟ್ಟಿ ಹೇಳುತ್ತಿದ್ದೆ. ಕೇಳಿದವರಲ್ಲಿ ಹಲವರಿಗೆ ನೆನಪಿರಬಹುದು. ಆದರೆ ಹತ್ತಿರದ ಹಳ್ಳದ ವಿಷಯದಲ್ಲಿ ನಾನು ಹೇಗೆ ನಡೆದುಕೊಂಡೆ ಎಂಬುದನ್ನು ಯಾವ ಮಕ್ಕಳಿಗೂ ಹೇಳಲಿಲ್ಲ.

ಆ ಹಳ್ಳವನ್ನು ನಾನು ಮೊದಲು ದಾಟಿದ್ದು 1978ರ ನವೆಂಬರಿನಲ್ಲಿ. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿಯವರು ನಿಂತಿದ್ದರು, ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ದೆಹಲಿಯ ಹೆಸರಾಂತ ಪತ್ರಕರ್ತರೆಲ್ಲ ನಮ್ಮ ಗುಡ್ಡಗಳನ್ನು ಹತ್ತಿ ಇಳಿದ ದಿನಗಳು ಅವು. ನನಗೆ ಶೃಂಗೇರಿ ತಾಲ್ಲೂಕಿನ ಒಂದು ಮತಗಟ್ಟೆಗೆ ಡ್ಯೂಟಿ ಬಿತ್ತು. ಜೀಪು ನಿಂತ ಕಡೆಯಿಂದ ಮುಂದೆ ಎರಡು ಅಡಿಕೆ ಮರದ ದಿಮ್ಮಿಗಳನ್ನು ಜೋಡಿಸಿ ಬೀಳಲು ಬಳ್ಳಿಯಲ್ಲಿ ಬಿಗಿದ ಕಾಲುಸಂಕ. ಮತಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಊರಿನ ಇಬ್ಬರು ಸರಸರ ದಾಟಿದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಕಾಲು ನಡುಗಿಸುತ್ತಾ, ಅವರ ನಗುವಿನ ನಡುವೆ ದಾಟಿದೆ. ಮತ ಹಾಕಲು ಬಂದ ಒಬ್ಬ ಮುದುಕಿ, "ಆಯಮ್ಮ ಒಳಗೆ ಕೂತಿದ್ದಾರಾ?" ಎಂದು ಕೇಳಿದಳು. ಇಲ್ಲವೆಂದಾಗ ಅವಳ ಮುಖ ಸಣ್ಣದಾಯಿತು. "ಕೂತಿದ್ರೆ ಒಂದು ಮಾತು ಹೇಳ್ತಿದ್ದೆ, ಈ ಸಂಕದ ವಿಷಯ" ಎಂದಳು.

ಇಂದಿರಾ ಅವರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರಿನಲ್ಲಿ ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆಯಿಂದ ಅವರನ್ನು ಹೊರಹಾಕಲಾಯಿತು. ಒಂದೂವರೆ ತಿಂಗಳಿನೊಳಗೆ ನಮ್ಮ ಸಂಸದರಾಗಿ ಅವರ ಕಾಲ ಮುಗಿಯಿತು. 1980ರ ಜನವರಿಯಲ್ಲಿ ಅವರು ಮತ್ತೆ ಪ್ರಧಾನಿಯಾದರು. ಚರಿತ್ರೆಯ ದೃಷ್ಟಿಯಿಂದ ಚಿಕ್ಕಮಗಳೂರು ದೊಡ್ಡ ಹೆಸರಾಯಿತು. ಸಂಕ ಮುಂದಿನ ಮಳೆಗಾಲಕ್ಕೆ ಎಂದಿನಂತೆ ಕೊಚ್ಚಿಹೋಯಿತು, ಎಂದಿನಂತೆ ಊರವರೇ ಮರ ಕಡಿದು ಮತ್ತೆ ಹಾಕಿಕೊಂಡರು.

ವಿಧಿಯಾಟವೋ ಏನೋ, 1986ರಲ್ಲಿ ಅದೇ ಕಡೆಯ ಪ್ರೌಢಶಾಲೆಗೆ ನನಗೆ ವರ್ಗವಾಯಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರ, ಅಬ್ದುಲ್ ನಜೀರ್ ಸಾಬರ ಕನಸು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ "ನೀರ್ ಸಾಬ್" ಎನಿಸಿಕೊಂಡಿದ್ದ ಅವರು, ಅಧಿಕಾರವೂ ನೀರಿನ ಹಾಗೆ ಕೆಳಗೆ ಇಳಿಯಬೇಕೆಂದು ನಂಬಿದವರು. ಹೆಣ್ಣುಮಕ್ಕಳಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟದ್ದು ಆಗಲೇ. ಸಂವಿಧಾನದ 73ನೆಯ ತಿದ್ದುಪಡಿ ಬರುವುದಕ್ಕೆ ಐದಾರು ವರ್ಷ ಮೊದಲಿನ ಮಾತು ಇದು. 1988ರಲ್ಲಿ ಸಾಬರು ತೀರಿಕೊಂಡಾಗ, ಅವರನ್ನು ಕಣ್ಣಾರೆ ಕಾಣದ ನಮ್ಮೂರಿನ ಜನರೂ ಮನೆಯವರನ್ನು ಕಳೆದುಕೊಂಡಂತೆ ಮಾತಾಡಿಕೊಂಡರು.

ಮಂಡಲದ ಕೈಗೆ ಮೊದಲ ಸಲ ಅಷ್ಟಿಷ್ಟು ಹಣ ಬರತೊಡಗಿತು. 1989ರ ಚಳಿಗಾಲದಲ್ಲಿ ನಮ್ಮ ಶಾಲೆಯ ಜಗಲಿಯಲ್ಲೇ ಒಂದು ಸಭೆ ಸೇರಿತು. ಉಳಿದಿದ್ದ ಹಣ ಒಂದು ಕೆಲಸಕ್ಕೆ ಸಾಲುವಷ್ಟು. ಹಳ್ಳದಾಚೆಯ ಏಳೆಂಟು ಮನೆಯವರು ಸಂಕ ಕೇಳಿದರು. ಈಚೆಯವರು ಶಾಲೆಗೊಂದು ರಂಗಮಂಟಪ ಕೇಳಿದರು. ವಾದ ಬೆಳೆಯಿತು. ಕೊನೆಗೆ ಪ್ರಧಾನರು ನನ್ನ ಕಡೆ ತಿರುಗಿ, "ಮೇಷ್ಟ್ರು ತಿಳಿದವರು, ಅವರು ಹೇಳಿದ ಹಾಗೆ ಆಗಲಿ" ಎಂದರು.

ನಾನು ಎದ್ದು ನಿಂತು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಸಂಕ ಕೆಲವರದು, ಶಾಲೆ ಎಲ್ಲರದು ಎಂದೆ. ಮಕ್ಕಳು ವೇದಿಕೆಯ ಮೇಲೆ ನಿಂತು ಮಾತು ಕಲಿತರೆ ನಾಳೆ ಹತ್ತು ಸಂಕಗಳನ್ನು ಅವರೇ ತರುತ್ತಾರೆ ಎಂದೆ. ಜನ ಚಪ್ಪಾಳೆ ತಟ್ಟಿದರು. ಹಳ್ಳದಾಚೆಯವರು ಮಾತಾಡದೆ ಎದ್ದು ಹೋದರು. ನಾಟಕ, ವಾರ್ಷಿಕೋತ್ಸವಗಳ ಹುಚ್ಚು ನನಗಿತ್ತು ಎಂಬುದು ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆ ದಿನ ಮಾತಾಡಿದ್ದು ಆ ಹುಚ್ಚು. ಸರ್ವರ ಹಿತ ಎಂಬುದು ಅದಕ್ಕೆ ನಾನು ತೊಡಿಸಿದ ಅಂಗಿ.

ರಂಗಮಂಟಪ ಆಯಿತು. 1991ರ ಜನವರಿ 17ರಂದು ಕೊಲ್ಲಿ ಯುದ್ಧ ಆರಂಭವಾದಾಗ ನಾವು ಅದರ ಮೇಲೆಯೇ ಒಂದು ಚರ್ಚಾಸ್ಪರ್ಧೆ ನಡೆಸಿದೆವು. ಹಿಂದಿನ ಆಗಸ್ಟಿನಲ್ಲಿ ಇರಾಕು ಕುವೈತನ್ನು ನುಂಗಿದಾಗ ಅಲ್ಲಿದ್ದ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತಂದಿದ್ದರು. ಅಂಗಡಿಯ ಬೆಂಚುಗಳ ಮೇಲೆ ಅರ್ಧ ಊರು ಸದ್ದಾಂ ಕಡೆ, ಇನ್ನರ್ಧ ಊರು ಅಮೆರಿಕದ ಕಡೆ. ಮಕ್ಕಳೂ ಹಾಗೆಯೇ ಎರಡು ಪಂಗಡವಾಗಿ ಕೂಗಾಡಿದರು. ಕೊನೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ಬಂದಳು. ಹಳ್ಳದಾಚೆಯವಳು. ಅವಳ ಹೆಸರನ್ನು ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ನಾಲ್ಕಾರು ಮಂದಿಗೆ ತಿಳಿಯುತ್ತದೆ, ಅಷ್ಟು ಸಾಕು.

"ಯಾರು ಸರಿ ಅಂತ ನನಗೆ ಗೊತ್ತಿಲ್ಲ. ಸೊಸೈಟಿಯಲ್ಲಿ ಎರಡು ವಾರದಿಂದ ಸೀಮೆಎಣ್ಣೆ ಬಂದಿಲ್ಲ. ಯುದ್ಧ ಆಗ್ತಿದೆ ಅಂದ್ರು. ನಮ್ಮನೆ ಬುಡ್ಡಿ ಆರಿದೆ, ರಾತ್ರಿ ಓದಕ್ಕೆ ಆಗಲ್ಲ. ಬೆಳಿಗ್ಗೆ ಓದಾಣ ಅಂದ್ರೆ ಗೊಬ್ಬರ ಹೊರಬೇಕು. ಯುದ್ಧ ಬೇಗ ನಿಲ್ಲಲಿ" ಎಂದು ಹೇಳಿ ಕೂತಳು. ಒಂದು ನಿಮಿಷವೂ ಆಗಿರಲಿಲ್ಲ. ಮೊದಲನೆಯ ಬಹುಮಾನವನ್ನು ಅವಳಿಗೇ ಕೊಟ್ಟೆವು, ಒಂದು ಪುಸ್ತಕ. ನನ್ನ ವೇದಿಕೆ ಸಾರ್ಥಕವಾಯಿತೆಂದು ಮನಸ್ಸಿನಲ್ಲೇ ಹಿಗ್ಗಿದೆ.

ಅದೇ ವರ್ಷದ ಜುಲೈ ತಿಂಗಳು, ಪುನರ್ವಸು ಮಳೆ. ನಾಲ್ಕು ದಿನ ಎಡೆಬಿಡದೆ ಸುರಿದು ಶಾಲೆಗೆ ರಜೆ ಕೊಟ್ಟಿದ್ದೆವು. ಐದನೆಯ ದಿನ ಮಳೆ ಸ್ವಲ್ಪ ಹೊಳವಾಯಿತು, ಮಕ್ಕಳು ಬಂದರು. ಸಂಜೆ ಮರಳುವಾಗ ಪಾಚಿಗಟ್ಟಿದ ದಿಮ್ಮಿಯ ಮೇಲೆ ಅವಳ ಕಾಲು ಜಾರಿತು. ಹಳ್ಳ ಅವಳನ್ನು ಒಂದು ಫರ್ಲಾಂಗಿನಷ್ಟು ಎಳೆದುಕೊಂಡು ಹೋಯಿತು. ವಾಟೆ ಮೆಳೆಯೊಂದು ಅಡ್ಡ ಸಿಕ್ಕಿ, ತೋಟದಲ್ಲಿ ಔಷಧಿ ಹೊಡೆಸಲು ಬಂದಿದ್ದವರು ನೋಡಿ, ಹಗ್ಗ ಎಸೆದು ಎಳೆದುಕೊಂಡರು. ಜೀವ ಉಳಿಯಿತು. ಚೀಲ ಹೋಯಿತು. ಹತ್ತನೆಯ ತರಗತಿಯ ಎಲ್ಲ ಪುಸ್ತಕಗಳು, ಬಹುಮಾನದ ಪುಸ್ತಕವೂ, ತುಂಗೆಯ ಪಾಲಾದವು.

ಅವಳು ಮತ್ತೆ ಶಾಲೆಗೆ ಬರಲಿಲ್ಲ. ಹದಿನೈದು ದಿನ ಕಳೆದು ಹಳ್ಳ ಇಳಿದ ಮೇಲೆ ನಾನು ಅವರ ಮನೆಗೆ ಹೋದೆ. ಪುಸ್ತಕಗಳನ್ನು ನಾನು ಕೊಡಿಸುತ್ತೇನೆ, ಪರೀಕ್ಷೆಗೆ ಕೂರಲಿ ಎಂದೆ. ಅವಳ ತಂದೆ ಬೆಲ್ಲ ನೀರು ಕೊಟ್ಟು ಕೂರಿಸಿದರು, ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಎಲ್ಲ ಕೇಳಿಕೊಂಡು, "ಮೇಷ್ಟ್ರೇ, ಓದು ನಿಮ್ಮದು, ಹಳ್ಳ ನಮ್ಮದು" ಎಂದರು. ಅವರು ಆ ಜಗಲಿಯ ಸಭೆಯಲ್ಲಿ ಇದ್ದವರು. ನನಗೆ ಮಾತು ಹೊರಡಲಿಲ್ಲ. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಎರಡು ವರ್ಷದೊಳಗೆ ಅವಳ ಮದುವೆಯಾಯಿತು, ಗಂಡನ ಮನೆಯೂ ಅದೇ ಹಳ್ಳದಾಚೆಯೇ.

ಮಂಡಲಗಳ ಕಾಲ ಮುಗಿದು 1993ರ ಕಾಯ್ದೆಯ ಗ್ರಾಮ ಪಂಚಾಯಿತಿಗಳು ಬಂದವು. ನಮ್ಮ ಕೊಪ್ಪದ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಗಳಾಗಿ, ಲಂಚ ವಶೀಲಿಗಳಿಲ್ಲದೆ ಅಂಕಗಳ ಮೇಲೆಯೇ ಶಿಕ್ಷಕರ ನೇಮಕ ಮಾಡಿ ತೋರಿಸಿದರು. ನನ್ನ ಬಡ ವಿದ್ಯಾರ್ಥಿಗಳಲ್ಲಿ ಕೆಲವರು ಹಾಗೆಯೇ ಮೇಷ್ಟ್ರುಗಳಾದರು. ಆ ಪಟ್ಟಿ ನೋಡುವಾಗಲೆಲ್ಲ ಒಂದು ಹೆಸರು ಅದರಲ್ಲಿ ಇರಬಹುದಿತ್ತು ಎನಿಸುತ್ತಿತ್ತು.

ಇನ್ನೊಂದು ಮಾತನ್ನೂ ಮರೆಯಬಾರದು. ಇದೇ ಕಾಡಿನ ಅಂಚಿನ ಹಳ್ಳಿಗಳಿಂದ, ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಭಯದ ದಿನಗಳಲ್ಲಿ, ಕೆಲವು ಹುಡುಗ ಹುಡುಗಿಯರು ಬಂದೂಕು ಹಿಡಿದು ಕಾಡು ಸೇರಿದರು. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ಆ ವರ್ಷಗಳಲ್ಲಿ ಪೊಲೀಸರೂ, ಕಾಡಿನವರೂ, ಎರಡೂ ಕಡೆಗೆ ಸೇರದ ಬಡವರೂ ಪ್ರಾಣ ಕಳೆದುಕೊಂಡರು. 2025ರ ಜನವರಿಯಲ್ಲಿ ಆರು ಮಂದಿ ಶರಣಾದರೆಂದು ಓದಿದಾಗ, ಅವರಲ್ಲಿ ಶೃಂಗೇರಿ ಕಡೆಯ ಹೆಣ್ಣುಮಗಳೊಬ್ಬಳೂ ಇದ್ದುದನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಬಂದೂಕನ್ನು ನಾನು ಎಂದೂ ಒಪ್ಪಿದವನಲ್ಲ. ಆದರೆ ಸರ್ಕಾರ ಎಂಬುದು ಒಂದು ಊರಿಗೆ ಮೊದಲು ಸಂಕದ ರೂಪದಲ್ಲಿ ಹೋಗದೆ ಜೀಪಿನ ರೂಪದಲ್ಲಿ ಹೋದರೆ ಏನಾಗುತ್ತದೆ ಎಂಬುದನ್ನು ನೋಡಿದ್ದೇನೆ.

2010ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಸ್ಥಾನ ಮೀಸಲಾಯಿತು. ನಾನು ನಿವೃತ್ತನಾಗಿ ಕೊಪ್ಪದಲ್ಲಿ ನೆಲೆಸಿ ಐದು ವರ್ಷವಾಗಿತ್ತು. ಆ ಮಳೆಗಾಲದ ಒಂದು ಮಧ್ಯಾಹ್ನ ಕೊಡೆ ಮಡಚುತ್ತಾ ಒಬ್ಬಾಕೆ ಬಾಗಿಲಲ್ಲಿ ನಿಂತಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮೆಂಬರ್ ಆಗಿದೀನಿ ಸಾರ್. ಸಂಕದ ಅರ್ಜಿ ಬರೆದು ಕೊಡಬೇಕು. ನಿಮ್ಮ ಅಕ್ಷರ ಚೆಂದ" ಎಂದಳು.

ಕಾಫಿ ಕುಡಿದಾದ ಮೇಲೆ, ಇಪ್ಪತ್ತು ವರ್ಷಗಳಿಂದ ಎದೆಯಲ್ಲಿದ್ದುದನ್ನು ಹೇಳಿಬಿಡೋಣವೆಂದು ಆ ಸಭೆಯ ವಿಷಯ ತೆಗೆದೆ. ನಾನು ಆಡಿದ ಮಾತನ್ನು ಹೇಳಿದೆ. ತಪ್ಪಾಯಿತಮ್ಮ ಎಂದೆ.

"ಗೊತ್ತು ಸಾರ್. ಅಪ್ಪ ಅವತ್ತೇ ಮನೆಗೆ ಬಂದು ಹೇಳಿದ್ರು" ಎಂದಳು. ಎಂದರೆ ಆ ಚರ್ಚಾಸ್ಪರ್ಧೆಯ ದಿನವೂ ಅವಳಿಗೆ ಗೊತ್ತಿತ್ತು. ತನ್ನ ಸಂಕದ ಹಣದಲ್ಲಿ ಕಟ್ಟಿದ ವೇದಿಕೆಯ ಮೇಲೆ ನಿಂತು, ಆ ಮಾತನ್ನು ಆಡದೆ, ಬುಡ್ಡಿಯ ಮಾತನ್ನಷ್ಟೇ ಆಡಿ ಇಳಿದಿದ್ದಳು. "ಈಗ ಅದೆಲ್ಲ ಎಂತಕ್ಕೆ ಸಾರ್? ಅರ್ಜಿ ಬರೀರಿ" ಎಂದಳು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ನಾನೂ ಅದನ್ನು ನಿರೀಕ್ಷಿಸುವಂತಿರಲಿಲ್ಲ.

ಅರ್ಜಿ ಬರೆದೆ. ಒಂದಲ್ಲ, ಮೂರು ವರ್ಷಗಳಲ್ಲಿ ಹನ್ನೊಂದು. ಒಂದು ಕಚೇರಿಯಲ್ಲಿ ಅದು ಅರಣ್ಯದ ಜಾಗ ಎಂದರು, ಇನ್ನೊಂದರಲ್ಲಿ ಮನೆಗಳ ಸಂಖ್ಯೆ ಸಾಲದು ಎಂದರು, ಮತ್ತೊಂದರಲ್ಲಿ ಕಡತವೇ ಸಿಗಲಿಲ್ಲ. ಅವಳು ಪ್ರತಿ ಗ್ರಾಮಸಭೆಯಲ್ಲೂ ಎದ್ದು ನಿಂತು ಅದೇ ಪ್ರಶ್ನೆ ಕೇಳಿದಳು. ಮೊದಮೊದಲು ಜನ ನಕ್ಕರು, ಆಮೇಲೆ ಬೇಸರಪಟ್ಟರು, ಕೊನೆಗೆ ಅವಳ ಜೊತೆ ಎದ್ದು ನಿಂತರು. 2013ರ ಬೇಸಿಗೆಯಲ್ಲಿ ಕಾಂಕ್ರೀಟಿನ ಸಂಕ ಆಯಿತು, ಎರಡೂ ಬದಿಗೆ ಕಬ್ಬಿಣದ ಕಂಬಿ. ಅವಳ ಮಗಳು ಅಷ್ಟರಲ್ಲಿ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿದ್ದಳು. ತಾಯಿಗೂ ಸಿಗದ, ಮಗಳಿಗೂ ಸಿಗದ ಸಂಕ ಅದು. ಆದರೂ ನಾನು ಹೋಗಿ, ಚಪ್ಪಲಿ ಹಾಕಿಕೊಂಡೇ ಈ ದಡದಿಂದ ಆ ದಡಕ್ಕೆ ನಡೆದು ಬಂದೆ.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಅದೇ ವರ್ಷದ ಆಗಸ್ಟಿನಲ್ಲಿ ಘಟ್ಟದ ಕೆಳಗೆ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ಜಾರಿ ತೀರಿಹೋದಳು. ಎರಡು ಸುದ್ದಿಗಳನ್ನೂ ನಾನು ಕತ್ತರಿಸಿ ಒಂದೇ ಹಾಳೆಗೆ ಅಂಟಿಸಿಟ್ಟಿದ್ದೇನೆ. ಆ ವರ್ಷವೇ ರಷ್ಯಾ, ಬೆಲಾರೂಸ್ ಕಡೆಯ ಪೊಟ್ಯಾಷ್ ಬರುವುದು ಕಷ್ಟವಾಗಿ ಚೀಲದ ಬೆಲೆ ಒಂದೂವರೆ ಸಾವಿರ ದಾಟಿತು. ತೋಟದವರೆಲ್ಲ ಪುತಿನ್, ಜೆಲೆನ್‌ಸ್ಕಿ ಎಂದು ಮಾತಾಡಿದರು. ಮಾತಾಡಬೇಕಾದದ್ದೇ. ವಿದೇಶದ ಪುಟ ಓದುವುದನ್ನು ನಾನು ಬಿಡುವವನಲ್ಲ. ಆದರೆ ಈಗ ಅದನ್ನು ಓದಿದ ಮೇಲೆ ಜಿಲ್ಲೆಯ ಪುಟವನ್ನೂ ಅಷ್ಟೇ ಗಮನದಿಂದ ಓದುತ್ತೇನೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋದಾಗ, ನಮ್ಮಲ್ಲಿ ಎಷ್ಟು ಮಂದಿ ಅದನ್ನು ಗಮನಿಸಿದೆವು? ದೆಹಲಿಯ ಚುನಾವಣೆ ಒಂದು ತಿಂಗಳು ಮುಂದೆ ಹೋಗಿದ್ದರೆ ಸುಮ್ಮನಿರುತ್ತಿದ್ದೆವೇ? ನಜೀರ್ ಸಾಬರ ಆತ್ಮಕ್ಕೆ ಹೇಗಾಗಿರಬೇಡ!

ನನ್ನ ವಿದ್ಯಾರ್ಥಿಗಳೇ, ನೀವು ಬೆಂಗಳೂರಿನಲ್ಲಿದ್ದೀರಿ, ದುಬೈಯಲ್ಲಿದ್ದೀರಿ, ಅಮೆರಿಕದಲ್ಲಿದ್ದೀರಿ. ಫೋನ್ ಮಾಡಿದಾಗ ಟ್ರಂಪ್ ವಿಷಯ, ಮೋದಿ ವಿಷಯ, ಗಾಜಾ ವಿಷಯ ಮಾತಾಡುತ್ತೀರಿ. ನನಗೂ ಅದು ಇಷ್ಟ. ಈ ಸಲ ಒಂದು ಮನೆಪಾಠ ಕೊಡುತ್ತೇನೆ. ಊರಿಗೆ ಬಂದಾಗ ಶಾರದಾಂಬೆಯ ದರ್ಶನ, ನೆಂಟರ ಮನೆಯ ಊಟ ಎಲ್ಲ ಮುಗಿಸಿ, ಗ್ರಾಮಸಭೆ ಯಾವಾಗ ಎಂದು ವಿಚಾರಿಸಿ, ಸಾಧ್ಯವಾದರೆ ಹೋಗಿ ಕುಳಿತುಕೊಳ್ಳಿ. ಮಾತಾಡಲೇಬೇಕೆಂದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತವರು ಏನು ಕೇಳುತ್ತಾರೆ ಎಂಬುದನ್ನು ಕೇಳಿಸಿಕೊಳ್ಳಿ. ಅವರು ಮಾತಾಡದೆ ಎದ್ದು ಹೋದರೆ, ಯಾಕೆ ಹೋದರೆಂದು ಹಿಂದೆಯೇ ಹೋಗಿ ಕೇಳಿ. ನಾನು ಅವತ್ತು ಮಾಡದೆ ಬಿಟ್ಟದ್ದು ಅಷ್ಟೇ.

ಅಂದ ಹಾಗೆ, ಆ ಸಂಕ ಇನ್ನೂ ಗಟ್ಟಿಯಾಗಿದೆ. ಕಂಬಿ ಮಾತ್ರ ಒಂದು ಕಡೆ ತುಕ್ಕು ಹಿಡಿದು ಅಲ್ಲಾಡುತ್ತಿದೆಯಂತೆ. ಹನ್ನೆರಡನೆಯ ಅರ್ಜಿಗೆ ಹಾಳೆ ತೆಗೆದಿಟ್ಟಿದ್ದೇನೆ.